ಅಳತೆಗೆ ಕಟ್ಟಿದ ಕೈ

ಅಥಣಿ ಕಡೆಯ ಅನಂತಪುರದ ಸುತ್ತಮುತ್ತ ದ್ರಾಕ್ಷಿ ತೋಟ ಇರುವವರನ್ನು ಯಾರನ್ನಾದರೂ ಕೇಳಿ, ಜನಾಬಾಯಿಯ ಬಲಗೈಯ ಬಗ್ಗೆ ಹೇಳುತ್ತಾರೆ. ಗೊನೆ ಕಟ್ಟಿದ ಮೇಲೆ ಒತ್ತೊತ್ತಾಗಿ ಬಂದ ಕಾಳುಗಳನ್ನು ಸಣ್ಣ ಕತ್ತರಿಯಿಂದ ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಉಳಿದವು ದಪ್ಪವಾಗುವುದಿಲ್ಲ. ಚಪ್ಪರದ ಕೆಳಗೆ ನಿಂತು ದಿನವಿಡೀ ಕೈ ಮೇಲೆತ್ತಿಕೊಂಡೇ ಮಾಡುವ ಕೆಲಸ ಅದು. ಬೇರೆ ಹೆಂಗಸರು ಒಂದು ಸಾಲು ಮುಗಿಸಿ ಕುತ್ತಿಗೆ ಹಿಡಿದುಕೊಂಡು ಕೂತಾಗ ಜನಾಬಾಯಿ ಎರಡನೆಯ ಸಾಲಿನ ನಡುವೆ ಇರುತ್ತಿದ್ದಳು. ಹದಿನಾಲ್ಕು ಹೆಂಗಸರ ಟೋಳಿಗೆ ಅವಳೇ ಮುಂದಾಳು. ಆದರೆ ಅವಳ ಕೈಯನ್ನು ಹೊಗಳುವ ತೋಟದವರೇ ಚಹಾ ಕೊಡುವಾಗ ಕಪ್ಪನ್ನು ಆ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಅವಳು ನೋಡಿಯೂ ನೋಡದವಳಂತೆ ಎತ್ತಿಕೊಂಡು ಕುಡಿಯುತ್ತಿದ್ದಳು. ಹುಟ್ಟಿದಾಗಿನಿಂದ ಕಂಡದ್ದಕ್ಕೆ ದಿನಾ ಎಲ್ಲಿಂದ ಸಿಟ್ಟು ತರುವುದು?

ಐವತ್ತೊಂದನೆಯ ವಯಸ್ಸಿಗೆ ಬಲ ಎದೆಯಲ್ಲಿ ಗಂಟು ಕಾಣಿಸಿತು. ಮಿರಜಿನ ಆಸ್ಪತ್ರೆಯಲ್ಲಿ ಎದೆ ತೆಗೆದರು, ಕಂಕುಳೊಳಗಿನ ಗಂಟುಗಳನ್ನೂ ತೆಗೆದರು, ಕಿಮೋ ಕೊಟ್ಟರು, ರೇಡಿಯೇಶನ್ನಿನ ಕರೆಂಟ್ ಇಟ್ಟರು. ಗಂಡ ದಾದಾಸಾಹೇಬ ಹೈಸ್ಕೂಲಿನಲ್ಲಿ ಸಿಪಾಯಿ. ಆ ವರ್ಷದ ರಜೆಯನ್ನೆಲ್ಲ ಅವನು ಮಿರಜಿನ ಬಸ್ಸಿನಲ್ಲೇ ಕಳೆದ. ಕೂದಲು ಉದುರಿ ಮತ್ತೆ ಬಂತು, ಬಾಯಿಗೆ ರುಚಿ ಬಂತು. ರೋಗ ಹೋಯಿತು ಎಂದು ಡಾಕ್ಟರು ಹೇಳಿದರು. ಹೋದದ್ದು ನಿಜ. ಆದರೆ ಹೋಗುವಾಗ ಸುಮ್ಮನೆ ಹೋಗಲಿಲ್ಲ, ಎಂಟು ತಿಂಗಳ ಮೇಲೆ ಬಲಗೈ ಬಾತುಕೊಳ್ಳತೊಡಗಿತು. ಸಂಜೆಯ ಹೊತ್ತಿಗೆ ಜಂಪರಿನ ತೋಳು ಬಿಗಿಯಾಗುತ್ತಿತ್ತು, ಬೆರಳುಗಳು ಕತ್ತರಿಯ ಕಣ್ಣಿನೊಳಗೆ ಹೋಗುತ್ತಿರಲಿಲ್ಲ. ಎದೆ ಹೋದದ್ದಕ್ಕೆ ಅಳದ ಹೆಂಗಸು ಅಂದು ಕತ್ತರಿ ಹಿಡಿದುಕೊಂಡು ಅತ್ತಳು. ಆ ಕೈ ಒಂದು ಉಳಿದರೆ ಸಾಕು, ಬೇರೇನೂ ಬೇಡ ಅನ್ನಿಸಿತ್ತು ಅವಳಿಗೆ.

ಅಂಥ ಹೊತ್ತಿನಲ್ಲಿ ಮನಿಷಾ ಬಂದಳು. ನಿಪ್ಪಾಣಿಯ ಹುಡುಗಿ, ಇಪ್ಪತ್ತಾರು ಇಪ್ಪತ್ತೇಳರವಳು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಹೆಂಗಸರ ಕೈಬಾವಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅಥಣಿ, ಕಾಗವಾಡ, ರಾಯಬಾಗ ಕಡೆಯ ನಲವತ್ತು ಹೆಂಗಸರ ಹೆಸರುಗಳು ಅವಳ ವಹಿಯಲ್ಲಿದ್ದವು. ತಿಂಗಳಿಗೊಮ್ಮೆ ಸ್ಕೂಟಿ ಹತ್ತಿ ಒಬ್ಬೊಬ್ಬರ ಮನೆಗೂ ಹೋಗುತ್ತಿದ್ದಳು.

"ಮಾವಶಿ, ಕಂಕುಳಾಗಿನ ಗಂಟು ತಗದಾರಲ್ಲ, ಅದಕ್ಕ ಕೈಯಾಗಿನ ನೀರಿಗೆ ತಿರುಗಿ ಹೋಗಾಕ ಹಾದಿ ಇಲ್ಲ. ನಿಮ್ಮ ತೋಟದಾಗ ಡ್ರಿಪ್ ಪೈಪ ಕಟಗೊಂಡ್ರ ಹೆಂಗ ಆಕ್ಕೈತಿ, ಹಂಗ," ಎಂದು ತಿಳಿಸಿ ಹೇಳಿದಳು. ಬಾತ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹೇಗೆ ಹಗುರವಾಗಿ ತಿಕ್ಕಬೇಕು, ಹೇಗೆ ಮುಷ್ಟಿ ಕಟ್ಟಿ ಬಿಡಬೇಕು ಎಂದು ತೋರಿಸಿದಳು. ಬೆರಳಿನಿಂದ ಒತ್ತಿ ಗುಣಿ ಬೀಳುವುದನ್ನು ನೋಡಿ, ಐದು ಕಡೆ ಟೇಪು ಹಿಡಿದು ಸುತ್ತಳತೆ ಬರೆದುಕೊಂಡಳು. ಆಮೇಲೆ, "ಮಾವಶಿ, ಹಸಿವ್ಯಾಗೈತ್ರಿ, ರೊಟ್ಟಿ ಅದಾವೇನು?" ಎಂದು ತಾನಾಗಿ ಕೇಳಿ, ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ಜೋಳದ ರೊಟ್ಟಿ ಉಂಡಳು. ಯಾವ ಮನೆತನದವಳೋ ಜನಾಬಾಯಿ ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ. ಹುಡುಗಿ ಹೋದ ಮೇಲೆ ಆ ತಾಟನ್ನು ತೊಳೆಯಲಿಕ್ಕೆ ಅವಳಿಗೆ ಅರ್ಧ ತಾಸು ಮನಸ್ಸು ಬರಲಿಲ್ಲ.

ತಪ್ಪು ಶುರುವಾದದ್ದು ಮೂರನೆಯ ತಿಂಗಳು. ಅಂದು ಟೇಪು ನೋಡಿ ಮನಿಷಾಳ ಮುಖ ಬಾಡಿತು.

"ಒಂದ ಸೆಂಟಿಮೀಟರ್ ಹೆಚ್ಚಾಗೈತ್ರಿ ಮಾವಶಿ. ನಾ ಹೇಳಿಕೊಟ್ಟದ್ದರಾಗ ಏನರ ತಪ್ಪೈತೋ ಏನೋ."

ಅಳತೆ ಎಲ್ಲಾದರೂ ಎರಡು ಸೆಂಟಿಮೀಟರ್ ಏರಿದರೆ ಮಿರಜಿಗೆ ಕರೆಸಿ, ಹದಿನೈದು ದಿನ ಪಟ್ಟಿ ಸುತ್ತಿ, ಆಮೇಲೆ ಕೈಗೆ ಹಾಕುವ ಬಿಗಿ ಸ್ಲೀವ್ ಕೊಡುತ್ತೇವೆ ಎಂದು ಅವಳು ಮೊದಲ ದಿನವೇ ಒಪ್ಪಿಗೆಯ ಕಾಗದ ಓದಿ ಹೇಳಿದ್ದಳು. ಸಹಿ ಮಾಡುವಾಗ ಜನಾಬಾಯಿ ತಲೆಯನ್ನೂ ಆಡಿಸಿದ್ದಳು. ಆದರೆ ಅವಳಿಗೆ ತಿಳಿದದ್ದೇ ಬೇರೆ. ಗಂಡನ ಸಾಲೆಯಲ್ಲಿ ನಾಪಾಸಾದ ಹುಡುಗರನ್ನು ರಜೆಯಲ್ಲೂ ಕರೆಸಿ ಕೂಡಿಸುತ್ತಾರಲ್ಲ, ಈ ಪಟ್ಟಿ, ಸ್ಲೀವು ಎಲ್ಲ ಅಂಥದ್ದೇ ಎಂದು ತಿಳಿದಳು. ತಾನು ನಾಪಾಸಾದರೆ ಕಲಿಸಿದ ಹುಡುಗಿಗೂ ಮೇಲಿನವರು ಬಯ್ಯುತ್ತಾರೆ. ಅನ್ನ ಉಂಡು ಹೋದ ಮಗಳಿಗೆ ತನ್ನ ಕೈಯಿಂದ ಕೆಟ್ಟ ಹೆಸರು ಬರಬಾರದು.

ಮುಂದಿನ ಅಳತೆಯ ಹಿಂದಿನ ಸಂಜೆ ಅವಳು ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು ಗಂಡನ ಮುಂದೆ ಕೂತಳು. ಒಂದೇ ಕೈಯಿಂದ ಕಟ್ಟಿಕೊಳ್ಳಲು ಬರುವುದಿಲ್ಲವಲ್ಲ. ದಾದಾಸಾಹೇಬ ಬೆರಳಿನಿಂದ ಕಂಕುಳದವರೆಗೆ ಸುತ್ತಿದ.

"ಇದು ಮೋಸ ಆಕ್ಕೈತಿ ಜನಾ. ಇದ್ದದ್ದ ಇದ್ದಂಗ ತೋರಸು," ಎಂದ.

"ಆ ಪೋರಿ ಮಾರಿ ಸಪ್ಪಗಾದ್ರ ನನಗ ನೋಡಾಕ ಆಗೂದಿಲ್ರಿ. ಬಿಗೀರಿ, ಇನ್ನೀಟ ಬಿಗೀರಿ."

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲಿಕ್ಕೆ ತಾವಿಲ್ಲ ಎನ್ನುತ್ತಾರೆ ಹಿರಿಯರು. ಗಾದೆ ಗೊತ್ತಿಲ್ಲದವರು ಯಾರು? ಸಮಯಕ್ಕೆ ನೆನಪಾಗುವುದಿಲ್ಲ, ಅಷ್ಟೇ. ಬೆಳಿಗ್ಗೆ ಬಿಚ್ಚಿದಾಗ ಕೈ ಸಣ್ಣಗಾಗಿತ್ತು. ಸೀರೆಯ ಬರೆಗಳು ಕಾಣದಂತೆ ಕೊಬ್ಬರಿ ಎಣ್ಣೆ ತಿಕ್ಕಿದಳು. ಮನಿಷಾ ಅಳೆದು, ಒಂದೂವರೆ ಸೆಂಟಿಮೀಟರ್ ಇಳಿದಿದೆ ಎಂದು ಕುಣಿದಾಡಿದಳು. ಎಣ್ಣೆಯ ಹೊಳಪನ್ನು ಕಂಡು, ತಾನು ಹೇಳಿದಂತೆ ದಿನಾ ತಿಕ್ಕುತ್ತಿದ್ದಾಳೆ ಎಂದು ಮತ್ತೂ ಖುಷಿಪಟ್ಟಳು. ಹನ್ನೊಂದು ಊರು ಸುತ್ತಬೇಕಾದ ಹುಡುಗಿ. ಬರಬರುತ್ತ ಒತ್ತಿ ನೋಡುವುದನ್ನು ಬಿಟ್ಟು ಅಳತೆಯನ್ನಷ್ಟೇ ನೋಡತೊಡಗಿದಳು. ಟೇಪಿಗೆ ಸುತ್ತಳತೆ ಗೊತ್ತು, ಬೇರೇನು ಗೊತ್ತು?

ಹೀಗೆ ಹದಿಮೂರು ತಿಂಗಳು. ಬಿಚ್ಚಿದ ಎರಡು ದಿನಕ್ಕೆ ಕೈ ಮತ್ತೆ ಮೊದಲಿನಂತೆ, ಮೊದಲಿಗಿಂತ ಜೋರಾಗಿ ಬಾಯುತ್ತಿತ್ತು. ಕತ್ತರಿ ಹಿಡಿಯುವುದು ನಿಂತಿತು. ಟೋಳಿಗೆ ಬೇರೆಯವಳು ಮುಂದಾಳಾದಳು. ರೊಟ್ಟಿಯನ್ನು ಎಡಗೈಯಿಂದ ಬಡಿಯಲು ಕಲಿತಳು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತಿತ್ತು. ಯಾರು ಕೇಳಿದರೂ "ಆರಾಮ ಐತ್ರಿ" ಎನ್ನುತ್ತಿದ್ದಳು. ಮಿರಜಿನ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಶಿರಗುಪ್ಪಿಯ ಕಾಂಚನ ಆಗಾಗ ಫೋನು ಮಾಡುತ್ತಿದ್ದಳು. ಮೂವತ್ನಾಲ್ಕರ ಹೆಂಗಸು, ಎರಡು ಸಣ್ಣ ಮಕ್ಕಳ ತಾಯಿ. ಅವಳ ಹೆಸರೂ ಮನಿಷಾಳ ವಹಿಯಲ್ಲಿತ್ತು. ನನ್ನ ಕೈ ಇಳಿಯಲೊಲ್ಲದು ಎಂದು ಅವಳು ಅತ್ತಾಗ ಜನಾಬಾಯಿ ಸೀರೆಯ ಉಪಾಯವನ್ನು ಅವಳಿಗೂ ಹೇಳಿಕೊಟ್ಟಿದ್ದಳು.

ಮೊನ್ನೆ ಸೋಮವಾರ ಸಂಜೆ ನಾಲ್ಕಕ್ಕೆ ಸ್ಕೂಟಿ ಬಾಗಿಲಿಗೆ ಬಂದು ನಿಂತಿತು. ಮಂಗಳವಾರ ಶಿರಗುಪ್ಪಿ ಮುಗಿಸಿ ಬುಧವಾರ ಇಲ್ಲಿಗೆ ಬರಬೇಕಾದವಳು ಎರಡು ದಿನ ಮೊದಲೇ ಬಂದಿದ್ದಳು. ಕೈಯಲ್ಲಿ ಪೇಡೆಯ ಪೊಟ್ಟಣ.

"ಮಾವಶಿ, ನನ್ನ ಸಂಶೋಧನಾ ಬರೆದು ಮುಗೀತು! ಸ್ಲೀವ್ ಇಲ್ಲದ, ಪಟ್ಟಿ ಇಲ್ಲದ, ಬರೇ ವ್ಯಾಯಾಮದಾಗ ಕೈ ಇಳಸಬಹುದು ಅಂತ ತೋರಿಸೀನಿ. ಅದರಾಗ ಎಲ್ಲಾರಕ್ಕಿಂತ ಚಲೋ ಅಳತಿ ನಿಮ್ಮದು, ಆಮ್ಯಾಲ ಕಾಂಚನವರದು. ಇನ್ನ ಎಲ್ಲಾ ಊರಿಗೂ ಇದನ್ನ ಕಲಸ್ತಾರಂತ. ನಿಮ್ಮ ಕೈದೊಂದು ಫೋಟೋ ಬೇಕ್ರಿ."

ಜನಾಬಾಯಿ ಸೆರಗಿನೊಳಗೆ ಕೈ ಎಳೆದುಕೊಂಡಳು. ಆದರೆ ಆ ಕೈ ಈಗ ಸೆರಗಿನೊಳಗೆ ಅಡಗುವಂಥದ್ದಾಗಿರಲಿಲ್ಲ. ಮನಿಷಾ ಸೆರಗು ಸರಿಸಿದಳು. ಟೇಪು ತೆಗೆದು ಸುತ್ತಿದಳು, ಮತ್ತೊಮ್ಮೆ ಸುತ್ತಿದಳು. ಮೊದಲ ದಿನದ ಅಳತೆಗಿಂತ ಏಳು ಸೆಂಟಿಮೀಟರ್ ಹೆಚ್ಚು.

ದಾದಾಸಾಹೇಬನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಸೀರೆಯ ಸುರುಳಿಯನ್ನು ತಂದು ಹುಡುಗಿಯ ಮುಂದೆ ಇಟ್ಟ. "ನಾನ ಕಟ್ತಿದ್ನಿ ತಂಗಿ. ಬೈಯೂದಿದ್ರ ನನಗ ಬೈಯವಾ," ಎಂದು ಎಲ್ಲವನ್ನೂ ಹೇಳಿದ.

ಜನಾಬಾಯಿ ನಡುವೆ ಬಾಯಿ ಹಾಕಿದಳು. "ಖರೇ ಹೇಳ್ತೀನವಾ, ಬಾವು ಐತಿ, ಆದ್ರ ಗುಣಾನೂ ಆಗಾಕತ್ತೈತಿ. ಮೊದ್ಲ ಬೆರಳ ಒತ್ತಿದ್ರ ಗುಣಿ ಬೀಳ್ತಿತ್ತು. ಈಗ ನೋಡ, ಎಷ್ಟ ಒತ್ತಿದ್ರೂ ಬೀಳೂದಿಲ್ಲ."

ಮನಿಷಾ ಹೆಬ್ಬೆರಳಿಂದ ಒತ್ತಿದಳು. ಬೀಳಲಿಲ್ಲ. ಮೊಣಕೈಯ ಮೇಲೆ ಒತ್ತಿದಳು, ಅಲ್ಲೂ ಬೀಳಲಿಲ್ಲ. ಕೈಯನ್ನು ಹಾಗೆಯೇ ಹಿಡಿದುಕೊಂಡು ಅವಳು ಅಳತೊಡಗಿದಳು.

"ಗುಣಿ ಬೀಳೂತನಾ ಅದು ನೀರು, ಮಾವಶಿ. ನೀರ ಆದ್ರ ಇಳಸಬಹುದಿತ್ತು. ಈಗ ಒಳಗ ಗಟ್ಟಿ ಮಾಂಸ ಆಗೈತಿ. ಪಟ್ಟಿ ಕಟ್ಟಿದ್ರೂ, ಸ್ಲೀವ್ ಹಾಕಿದ್ರೂ ಮೊದಲಿನ ಕೈ ಬರೂದಿಲ್ರಿ. ಎರಡ ಸೆಂಟಿಮೀಟರ್ ಹೆಚ್ಚಾತು ಅಂತ ನೀವೊಂದ ಸಲ ತೋರಿಸಿದ್ರ ಸಾಕಿತ್ತು. ನನ್ನ ಅಳತಿ ಕೆಟ್ರ ಕೆಡ್ಲಿ, ಕೆಟ್ಟದ್ದನ್ನ ನೋಡಾಕ ಅಂತ್ಲ ನಾ ಬರ್ತಿದ್ನಿ."

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹಿಡಿದರೂ ಹೋಗದ ಹಾಗಾಯಿತು. ಜನಾಬಾಯಿ ಅಳಲಿಲ್ಲ. ತನ್ನ ಕೈಯನ್ನು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದಳು. ಗಟ್ಟಿಯಾಗುತ್ತಿದೆ, ಶಕ್ತಿ ಬರುತ್ತಿದೆ ಎಂದು ಎಷ್ಟು ತಿಂಗಳಿಂದ ಅದನ್ನು ಒತ್ತಿ ಒತ್ತಿ ನೋಡಿಕೊಂಡಿದ್ದಳು! ಆ ಹೊತ್ತಿಗೇ ಅವಳಿಗೆ ಕಾಂಚನಳ ನೆನಪಾಯಿತು. ಎದೆಯೊಳಗೆ ಹೆದರಿಕೆ ಎದ್ದಿತು, ತನ್ನ ಕೈಗಾಗಿ ಎಂದೂ ಏಳದಿದ್ದಂಥ ಹೆದರಿಕೆ.

"ಫೋನ್ ಹಚ್ರಿ," ಎಂದಳು ಗಂಡನಿಗೆ. "ಶಿರಗುಪ್ಪಿ ಕಾಂಚನಗ ಹಚ್ರಿ. ಲಗೂನ."

ದಾದಾಸಾಹೇಬ ನಂಬರು ಒತ್ತಿ, ದನಿ ಎಲ್ಲರಿಗೂ ಕೇಳುವಂತೆ ಫೋನನ್ನು ನೆಲದ ಮೇಲಿಟ್ಟ. ಕಾಂಚನ ಎತ್ತಿಕೊಂಡ ಕೂಡಲೇ ಜನಾಬಾಯಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಮಾವಶಿ, ನಾನ ಹಚ್ಚಬೇಕಂತಿದ್ನಿ! ಈಗ ಕಟಗೊಂಡ ಕುಂತೀನ್ರಿ, ನಾಳೆ ಮೇಡಂ ಬರ್ತಾರಲ್ಲ. ನಿಮಗೊಂದ ಮಾತ ಹೇಳಬೇಕಿತ್ತು. ಎರಡ ತಿಂಗಳಾತು ನೋಡ್ರಿ, ಒತ್ತಿದ್ರ ಗುಣೀನ ಬೀಳವಲ್ದು. ನಿಮ್ಮ ಉಪಕಾರ ಈ ಜನ್ಮದಾಗ ತೀರಸಾಕ ಆಗೂದಿಲ್ರಿ ಮಾವಶಿ."

ಮನಿಷಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಜನಾಬಾಯಿ ಫೋನಿನ ಮೇಲೆ ಬಾಗಿದಳು.

"ಹಲೋ? ಮಾವಶಿ? ಕೇಳಸಾಕತ್ತೈತೇನ್ರಿ?" ಎಂದು ಕಾಂಚನ ಆ ಕಡೆಯಿಂದ ಕೇಳುತ್ತಲೇ ಇದ್ದಳು.