ಒಂದು ಸಾಲಿನ ಕಮೆಂಟು

"ಮೇಡಂ, ನಿಮ್ಮ ಪೋಸ್ಟ್ ಓದಿದೆರೀ. ಭಾಳ ಚಲೋ ಬರದೀರಿ. ಆದ್ರ ಲೈಕ್ ಒತ್ತಾಕ ಆಗಲಿಲ್ಲರೀ, ತಪ್ಪು ತಿಳ್ಕೋಬ್ಯಾಡ್ರಿ."

ನಮ್ಮೂರ ತೀನ್ ಕಂದೀಲ್ ಸರ್ಕಲ್ ಹತ್ತಿರ ಬದನೆಕಾಯಿ ಆರಿಸುತ್ತಿದ್ದ ನನ್ನ ಪಕ್ಕಕ್ಕೆ ಬಂದು, ಆಚೀಚೆ ನೋಡಿ ಹೀಗೆ ಪಿಸುಗುಟ್ಟಿದವರು ನಮ್ಮ ಓಣಿಯ ನಿವೃತ್ತ ಬ್ಯಾಂಕ್ ಅಧಿಕಾರಿ. ಲೈಕ್ ಒತ್ತದಿದ್ದಕ್ಕೆ ಕ್ಷಮೆ ಕೇಳುವ ಕಾಲ ಬಂತಲ್ಲ ಎಂದು ನಗು ಬರಬೇಕಿತ್ತು. ಬರಲಿಲ್ಲ. ಬಾಯಿಬಿಟ್ಟು ಹೌದೆಂದವಳ ಗತಿ ಏನಾಯಿತೆಂದು ನನಗೆ ಗೊತ್ತಿತ್ತು.

ಅಂಥದ್ದೇನು ಬರೆದಿದ್ದೆ ಅಂತೀರಾ? ಮಾನ್ವಿ ಕಡೆಯ ಒಂದು ಶಾಲೆಗೆ ಅತಿಥಿಯಾಗಿ ಹೋಗಿದ್ದೆ. (ಖಾಸಗಿ ಕಾಲೇಜಿನ ಲೆಕ್ಚರರ್‌ಗೆ ಸಿಗುವ ಗೌರವ ಅಷ್ಟೇ: ಒಂದು ಶಾಲು, ಒಂದು ಊಟ.) ಬಿಸಿಯೂಟದ ಹೊತ್ತು. ಮೊಟ್ಟೆ ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಒಬ್ಬಳ ಕೈಗೆ ಬ್ಯಾಂಡೇಜ್. ಪಕ್ಕದಲ್ಲಿ ಕೂತ ಬಾಳೆಹಣ್ಣಿನ ಹುಡುಗಿ ಅವಳ ಮೊಟ್ಟೆ ಸುಲಿದು ತಟ್ಟೆಗೆ ಹಾಕಿ, ಲಂಗಕ್ಕೆ ಕೈ ಒರೆಸಿಕೊಂಡು ತನ್ನ ಹಣ್ಣು ತಿಂದಳು. ಅಷ್ಟೇ. ಹೆಸರಿಲ್ಲ, ಫೋಟೊ ಇಲ್ಲ. "ಈ ಮಕ್ಕಳ ಪಂಕ್ತಿಯನ್ನು ನಾವು ದೊಡ್ಡವರು ಒಡೆಯದಿದ್ದರೆ ಸಾಕು" ಎಂದು ಮುಗಿಸಿದ್ದೆ.

ಸಂಜೆಯೊಳಗೆ ಕಮೆಂಟುಗಳ ಮಳೆ. ಒಂದು ಕಡೆಯವರು, "ಆ ಹುಡುಗಿಯ ಕೈಯಲ್ಲಿ ಮೊಟ್ಟೆ ಮುಟ್ಟಿಸಿದ್ದು ಯಾರ ಸಂಚು?" ಎಂದರು. ಇನ್ನೊಂದು ಕಡೆಯವರು, "ಬಾಳೆಹಣ್ಣನ್ನು ಹೊಗಳುವ ನೀವು ಯಾರ ಏಜೆಂಟ್?" ಎಂದರು. ಎರಡೂ ಪಕ್ಷಗಳು ಒಂದಾಗಿ ಬೈದದ್ದು ನನ್ನೊಬ್ಬಳನ್ನೇ ಇರಬೇಕು!

ಆ ಗದ್ದಲದ ನಡುವೆ ಒಂದು ಸಾಲು: "ನಮ್ಮ ಶಾಲೆಯಲ್ಲೂ ಹೀಗೇ. ಮಕ್ಕಳು ಜಗಳ ಆಡಿಲ್ಲ, ಆಡುತ್ತಿರುವವರು ನಾವು."

ಬರೆದವಳು ನನ್ನ ಕಾಲೇಜು ದಿನಗಳ ಗೆಳತಿ ಸರೋಜಾ. (ಹೆಸರು ಬದಲಿಸಿದ್ದೇನೆ.) ದೇವದುರ್ಗ ತಾಲೂಕಿನಲ್ಲಿ ಸರ್ಕಾರಿ ಶಾಲೆಯ ಟೀಚರ್. ಗಬ್ಬೂರಿನಲ್ಲಿ ಮನೆ. ಕಂಡವರ ಗದ್ದೆಯಲ್ಲಿ ನಾಟಿ ಮಾಡಿದ ತಂದೆತಾಯಿ ಓದಿಸಿದ ಮಗಳು.

ನನ್ನನ್ನು ಬೈದು ಸುಸ್ತಾದವರಿಗೆ ಅವಳು ಸಿಕ್ಕಳು. ನನ್ನ ಹತ್ತಿರ ಕಿತ್ತುಕೊಳ್ಳುವಂಥದ್ದೇನಿತ್ತು? ಅವಳ ಹತ್ತಿರ ಸರ್ಕಾರಿ ನೌಕರಿ ಇತ್ತು. ಅವಳ ಫೋಟೊ ಸಮೇತ ಸ್ಕ್ರೀನ್‌ಶಾಟ್ ವಾಟ್ಸಾಪ್ ಗುಂಪುಗಳಿಗೆ ಹೋಯಿತು. "ಸರ್ಕಾರದ ಸಂಬಳ, ರಾಜಕೀಯದ ಪಾಠ" ಎಂಬ ತಲೆಬರಹ ಬೇರೆ. ಕೆಳಗೆ ಅವಳ ಜಾತಿ ಹುಡುಕುವ ಸ್ಪರ್ಧೆ. ಕೊನೆಗೆ ಮೇಲಧಿಕಾರಿಗಳಿಗೆ ದೂರು.

ಅವಳು ಫೋನ್ ಎತ್ತಲಿಲ್ಲ. ರವಿವಾರ ಬಸ್ ಹತ್ತಿದೆ. ಕಲ್ಮಲ ದಾಟುವವರೆಗೂ ಏನು ಹೇಳಬೇಕೆಂದು ಯೋಚಿಸಿದೆ. ಗಬ್ಬೂರಲ್ಲಿ ಇಳಿದು ಅವಳ ಮನೆಯ ಬಾಗಿಲು ತಟ್ಟಿದೆ.

ಬಾಗಿಲು ತೆಗೆದವಳು ಸಿಟ್ಟು ಮಾಡಲಿಲ್ಲ. "ಬಾ ಬೇ, ಒಳಗ ಬಾ" ಎಂದು ಮಂಡಕ್ಕಿ ಒಗ್ಗರಣಿ ಕಲಸಿ ಮುಂದಿಟ್ಟಳು.

"ಶಾಲಿಯಾಗ ಏನಂತಾರ?" ಕೇಳಿದೆ.

"ಏನೂ ಅನ್ನಂಗಿಲ್ಲ. ಅದಾ ತ್ರಾಸು. ನಾ ಸ್ಟಾಫ್ ರೂಮಿಗಿ ಹೋದ್ರ ಮಾತು ನಿಂದರ್ತಾವ. ಮೊನ್ನಿ ಒಬ್ಬ ಹುಡುಗನ ಅಪ್ಪ ಬಂದಿದ್ದ. 'ಟೀಚರ್, ನೀವು ಯಾ ಕಡಿಯವ್ರು?' ಅಂದ. ಮಗ್ಗಿ ಕಲಿಸಾಕ ಕಡಿ ಯಾಕ ಬೇಕ್ರೀ ಅಂದೆ. ಅವ ನಗಲಿಲ್ಲ ನೋಡು."

"ದೂರಿಂದು ಏನಾತು?"

"ಮುಚ್ಚಳಿಕಿ ಬರಕೊಟ್ಟೀನಿ. ಇನ್ನಮ್ಯಾಲ ಯಾವುದಕ್ಕೂ ಕಮೆಂಟ್ ಹಾಕಂಗಿಲ್ಲ ಅಂತ."

"ಯಾಕ ಕೊಟ್ಟಿ? ನಿಂದೇನು ತಪ್ಪಿತ್ತು?"

ಅವಳು ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಅವಳ ತಂದೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ನಮ್ಮ ಮನ್ಯಾಗ ಪಗಾರ ಅಂತ ಕಂಡಾಕಿ ನಾ ಒಬ್ಬಾಕಿನಾ. ನೌಕರಿ ಹೋತು ಅಂತ ಯಾರೋ ಹೇಳಿಬಿಟ್ರು. ಅಪ್ಪ ಉಣ್ಣಾದು ಬಿಟ್ಟ. ದೊಡ್ಡ ಸಾಹೇಬ್ರ ಕಾಲಿಗಿ ಬೀಳ್ತೀನಿ, ಕರಕೊಂಡು ಹೋಗು ಅಂದ. ಅವನ್ನ ಯಾರ ಕಾಲಿಗೂ ಬೀಳಸಬಾರದು ಅಂತನಾ ನಾ ಓದಿದ್ದು. ಬರಕೊಟ್ಟೆ."

ತಟ್ಟೆ ಬದಿಗಿಟ್ಟೆ. "ಆ ಪೋಸ್ಟ್ ತಗದು ಬಿಡ್ತೀನಿ" ಎಂದೆ.

"ತಗೀಬ್ಯಾಡ," ಅಂದಳು ಥಟ್ಟನೆ. "ನನ್ನ ಮಾತಂತೂ ನಾ ಅಳಿಸೀನಿ. ನೀನೂ ತಗದ್ರ ಅವ್ರು ಅಂದಿದ್ದಾ ಖರೇ ಆಗ್ತದ."

ಪೋಸ್ಟ್ ಹಾಗೆಯೇ ಇದೆ. ಖಾಸಗಿಯಾಗಿ ಮೆಚ್ಚಿದವರೂ ಸಿಗುತ್ತಲೇ ಇದ್ದಾರೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಿವಿಯ ಹತ್ತಿರ ಬಂದು. ಅವರಲ್ಲಿ ದೇವದುರ್ಗದ ಇಬ್ಬರು ಟೀಚರುಗಳೂ ಇದ್ದರು. ಸರೋಜಾಗೆ ಒಂದು ಫೋನ್ ಮಾಡಿ ಎಂದೆ. "ನೋಡೋಣ್ರೀ ಮೇಡಂ" ಎಂದರು. ಮಾಡಿಲ್ಲ.

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಿಗೂ ಮನೆಯಿದೆ, ಒಳಕೋಣೆಯಲ್ಲಿ ಹೆದರಿ ಮಲಗುವ ಯಾರೋ ಇರಬಹುದು. ಈಗ ನಾನೂ ಬರೆಯುವ ಮುಂಚೆ, ಇದನ್ನು ಹೌದೆನ್ನಲು ಯಾರು ಬಂದಾರೋ ಎಂದು ಅಂಜುತ್ತೇನೆ. ಬೈಗುಳದ ಅಂಜಿಕೆ ಎಂದೋ ಹೋಗಿದೆ. ಮೆಚ್ಚುಗೆಯ ಅಂಜಿಕೆ ಹೊಸದು.

ಇದನ್ನು ಬರೆಯಲೇ ಎಂದು ಸರೋಜಾಳನ್ನು ಕೇಳಿಯೇ ಬರೆದಿದ್ದೇನೆ. "ಬರಿ, ಹೆಸರು ಮಾತ್ರ ಬ್ಯಾಡ" ಎಂದಳು.

ಒಂದು ಸಾಲು ಸತ್ಯ ನುಡಿದವಳು ಮುಚ್ಚಳಿಕೆ ಬರೆದುಕೊಟ್ಟದ್ದಾಯಿತು. ಅವಳ ಜಾತಿ ಹುಡುಕಿದವರಿಂದ ಮುಚ್ಚಳಿಕೆ ಬರೆಸಿಕೊಳ್ಳುವವರು ಯಾರು?