ನಳಿಕೆಯ ಕೆಳಗಿನ ಮುಚ್ಚಳ

ಬೆಳಗಿನ ನಮಾಜು ಮುಗಿಸಿ ಬಂದ ಮುಬಷೀರ್ ಮನೆಗೆ ಅಂಟಿಕೊಂಡಿರುವ ಅಂಗಡಿಯ ದೀಪ ಹಾಕುತ್ತಾರೆ. ಚಳ್ಳಕೆರೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಿಲ್ಲಿನ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿದೆ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳು ಗೋಡೆಗೊರಗಿ ನಿಂತಿವೆ. ಅವುಗಳ ಪಕ್ಕದ ಹಲಗೆಯ ಮೇಲೆ ಗೇಣುದ್ದದ ಒಂದು ಪ್ಲಾಸ್ಟಿಕ್ ಯುದ್ಧಟ್ಯಾಂಕು. ವೈಂಡಿಂಗ್ ತಂತಿಯ ಎಳೆಗಳನ್ನು ಹೊಸೆದು, ಕೆಟ್ಟು ನಿಂತ ಟ್ಯಾಂಕನ್ನು ಎಳೆಯುವ ಉಕ್ಕಿನ ಹಗ್ಗದಂಥದ್ದನ್ನು ಮುಬಷೀರ್ ಅದಕ್ಕೆ ಕಟ್ಟುತ್ತಿದ್ದಾರೆ. ಅಂಗಡಿ ತೆರೆಯುವವರೆಗಿನ ಈ ಒಂದು ಗಂಟೆ ಮಾತ್ರ ಅವರದ್ದು.

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕೆಲಸವನ್ನು ಮುಬಷೀರ್ ತಂದೆ ಮೌಲಾ ಸಾಬ್ ಅವರಿಂದ ಕಲಿತರು. ಪರಶುರಾಂಪುರದಿಂದಲೂ ಮೊಳಕಾಲ್ಮೂರಿನಿಂದಲೂ ರೈತರು ಟ್ರ್ಯಾಕ್ಟರಿನಲ್ಲಿ ಮೋಟರು ಹೇರಿಕೊಂಡು ಬರುತ್ತಾರೆ. ದಿನಕ್ಕೆ ಎರಡು, ಬೇಸಿಗೆಯಲ್ಲಿ ಮೂರು. ವಾರ್ನಿಷ್ ಹೊಗೆ ಕುಡಿದು ಕೆಮ್ಮು ಅಂಟಿಕೊಂಡಿದೆ. "ಕೆಟ್ಟಿದ್ದನ್ನ ಬಿಚ್ಚಿದ್ರೆ ಯಾಕೆ ಕೆಡ್ತು ಅಂತ ಗೊತ್ತಾಗುತ್ತೆ," ಎನ್ನುತ್ತಾರೆ. "ನನ್ನ ತಮ್ಮಂದು ಮಾತ್ರ ಯಾರೂ ಬಿಚ್ಚಿ ತೋರಿಸ್ಲಿಲ್ಲ."

ತಮ್ಮ ಇಫ್ತಿಕಾರ್ ಸೇನೆಯಲ್ಲಿ ಟ್ಯಾಂಕ್ ಚಾಲಕರಾಗಿದ್ದರು. ಮರಳುಗಾಡಿನ ತಾಲೀಮೊಂದರಲ್ಲಿ ಟ್ಯಾಂಕಿಗೆ ಬೆಂಕಿ ಬಿತ್ತು. ಉಳಿದಿಬ್ಬರು ಹೊರಬಂದರು, ಇಫ್ತಿಕಾರ್ ಬರಲಿಲ್ಲ. ಮನೆಗೆ ಬಂದ ಅವರ ಟ್ರಂಕಿನೊಳಗೆ, ಈಗ ಹಲಗೆಯ ಮೇಲಿರುವ ಟ್ಯಾಂಕಿನ ಡಬ್ಬಿ ಇತ್ತು. ಬಿಡಿ ಭಾಗ ಅಂಟಿಸಿ ಕಟ್ಟುವ ಹಳೇ ಕಾಲದ ಆಟಿಕೆ ಟ್ಯಾಂಕು. ರಜೆಗೆ ಬಂದಾಗ ಇಬ್ಬರೂ ಕೂತು ಮಾಡೋಣ ಎಂದು ಫೋನಿನಲ್ಲಿ ಹೇಳಿದ್ದರಂತೆ. ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಲಿಲ್ಲ.

ಮುಟ್ಟಿಸಿದವರು ತಾಯಿ ಮದರ್ ಬೀ. ಅವರ ಕಣ್ಣಿನ ನರ ಒಣಗುತ್ತಿದೆ, ಔಷಧಿಗೆ ಬಗ್ಗುವುದಿಲ್ಲ. ಈಗ ಮುಖಗಳು ನೆರಳಾಗಿವೆ. ಕಳೆದ ವರ್ಷ ಊಟಕ್ಕೆ ಕೂತಾಗ ಅವರು ಮನೆಯ ಉರ್ದುವಿನಲ್ಲಿ ಕೇಳಿದರು: "ಬೇಟಾ, ಅವನು ಅದರೊಳಗೆ ಎಲ್ಲಿ ಕೂಡ್ತಿದ್ದ? ಕಣ್ಣು ಪೂರಾ ಹೋಗೋದ್ರೊಳಗೆ ತೋರಿಸು."

ಡಬ್ಬಿಯಲ್ಲಿದ್ದ ಟ್ಯಾಂಕು ಅದನ್ನು ತೋರಿಸುವಂತಿರಲಿಲ್ಲ. ಚಾಲಕ ಇಳಿಯುವ ಮುಚ್ಚಳ ಮೇಲ್ಮೈಗೇ ಅಚ್ಚಾಗಿತ್ತು, ಬರೀ ಗೀಟು. ಒಳಗೆ ಪೊಳ್ಳು. ಗಾಲಿಗಳನ್ನು ಸುತ್ತುವ ರಬ್ಬರಿನ ಚೈನು ಹಳತಾಗಿ, ಮುಟ್ಟಿದರೆ ಮುರಿಯುತ್ತಿತ್ತು. ಮುಬಷೀರ್ ಆಕ್ಸಾ ಬ್ಲೇಡಿನ ತುಂಡು ಮಸೆದು ಮುಚ್ಚಳವನ್ನು ಬಿಡಿಸಿಕೊಂಡರು. ಕೊರೆಯುವಾಗ ಒಂದು ಮೂಲೆ ಸೀಳಿತು, ಮತ್ತೆ ತುಂಬಿ ಉಜ್ಜಿದರು. ಮೋಟರಿನೊಳಗೆ ಹಾಕುವ ಗಟ್ಟಿ ಕಾಗದ ಮಡಚಿ ಸೀಟು ಮಾಡಿದರು. ಚೈನಿಗೆ ಸೈಕಲ್ ಟ್ಯೂಬು ಕತ್ತರಿಸಿದರು.

ಇಷ್ಟು ಕೆಲಸ ಮುಗಿಯುವ ಹೊತ್ತಿಗೆ ಪರಶುರಾಂಪುರದ ಕಡೆಯಿಂದ ಜುಂಜಣ್ಣ ಬಂದರು. ಇಫ್ತಿಕಾರ್ ಜೊತೆ ಅದೇ ಟ್ಯಾಂಕಿನಲ್ಲಿ ತೋಪು ಹಾರಿಸುತ್ತಿದ್ದವರು. ನಿವೃತ್ತಿಯಾಗಿ ಈಗ ಕುರಿ ಕಾಯುತ್ತಾರೆ. ಹಲಗೆಯ ಮೇಲಿದ್ದುದನ್ನು ಬಹಳ ಹೊತ್ತು ನೋಡಿದರು. ಮುಂದಕ್ಕೆ ಬಾಗಿದ್ದ ತೋಪಿನ ನಳಿಕೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರು.

"ಹಿಂಗಿಡಪ್ಪ. ನಳಿಕೆ ತಗ್ಗಿ ಮುಂದಕ್ಕಿದ್ರೆ ಡ್ರೈವರ್ ಮುಚ್ಚಳ ಮೇಲಕ್ಕೇಳಲ್ಲ."

ಮುಬಷೀರ್ ಕೈ ನಿಂತಿತು. "ಅವತ್ತು ಎಲ್ಲಿತ್ರಿ, ಜುಂಜಣ್ಣಾರೆ?"

"ಮುಂದಕ್ಕೇ ಇತ್ತು. ಟ್ಯಾಂಕಿನ ಕರೆಂಟ್ ಹೋಗಿತ್ತು. ನಳಿಕೆನ ಕೈಲೇ ತಿರುಗಿಸ್ತಾ ಇದ್ದೆ, ಹೊಗೆ ತುಂಬ್ತು. ನನ್ನ ಎಳ್ಕೊಂಡು ಹೋದ್ರು. ಅವನು ಕೆಳಗಿಂದ ಗುದ್ದೋದು ಕೇಳಿಸ್ತಿತ್ತು." ಕೊಟ್ಟ ಚಹಾ ಕುಡಿಯದೆ ಜುಂಜಣ್ಣ ಬಸ್ಸಿಗೆ ಹೊರಟರು.

ತಾಯಿಗೆ ಇದನ್ನು ಹೇಳಬಾರದೆಂದು ಮುಬಷೀರ್ ನಿರ್ಧರಿಸಿದರು. ನಳಿಕೆಯನ್ನು ಪಕ್ಕಕ್ಕೆ ಸರಿಸಿಟ್ಟೇ ಟ್ಯಾಂಕನ್ನು ಅವರ ಮಡಿಲಲ್ಲಿಟ್ಟರು. ಮದರ್ ಬೀ ಕಿರುಬೆರಳಿನಿಂದ ಮುಚ್ಚಳ ಎತ್ತಿದರು, ಸೀಟನ್ನು ಸವರಿದರು.

"ಸಲೀಸಾಗಿ ತೆರೀತದಲ್ಲ," ಎಂದರು. ಮುಚ್ಚಳವನ್ನು ಮತ್ತೆ ಮುಚ್ಚಿ, "ಹಾಗಾದ್ರೆ ಯಾಕೆ ಬರ್ಲಿಲ್ಲ? ಹೆದರಿ ಕೂತ್ಬಿಟ್ನಾ ನನ್ನ ಮಗ?"

ಇಷ್ಟು ವರ್ಷ ತಾಯಿಯನ್ನು ತಿಂದದ್ದು ಈ ಮಾತೆಂದು ಮುಬಷೀರ್‌ಗೆ ತಿಳಿದದ್ದು ಆಗಲೇ. ಅವರು ತಾಯಿಯ ಬೆರಳು ಹಿಡಿದು ನಳಿಕೆಯನ್ನು ಮುಂದಕ್ಕೆ ತಂದರು. ಮುಚ್ಚಳ ಎತ್ತಲು ಹೇಳಿದರು. ಅದು ನಳಿಕೆಗೆ ತಾಗಿ ನಿಂತಿತು. ಮದರ್ ಬೀ ಮತ್ತೆ ಎತ್ತಿದರು. ಮತ್ತೆ ತಾಗಿತು.

"ತಳ್ಳಿದ್ದನಾ?"

"ತಳ್ಳಿದ್ದನಮ್ಮಿ. ಜುಂಜಣ್ಣ ಕೇಳಿಸ್ಕೊಂಡಿದ್ದಾರೆ."

ಮದರ್ ಬೀ ಅಳಲಿಲ್ಲ. ಮುಚ್ಚಳದ ಮೇಲೆ ಬೆರಳಿಟ್ಟುಕೊಂಡು ಕತ್ತಲಾಗುವವರೆಗೂ ಹಾಗೇ ಕೂತಿದ್ದರು. ಅಂದು ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಟ್ಯಾಂಕಿಗೆ ಇನ್ನೂ ಹಸಿರು ಬಣ್ಣ ಒಂದು ಕೈ ಬಳಿಯಬೇಕು, ದೀಪ ಕೂರಿಸಬೇಕು. ನಳಿಕೆಯ ಬುಡಕ್ಕೆ ಮಾತ್ರ ಅಂಟು ಹಾಕುವುದಿಲ್ಲ ಎನ್ನುತ್ತಾರೆ ಮುಬಷೀರ್. "ಡಬ್ಬಿ ಮೇಲಿನ ಚಿತ್ರದಂಗೆ ನಾನು ದಿನಾ ಮುಂದಕ್ಕೆ ಮಾಡಿಟ್ಟು ಮಲಗ್ತೀನಿ. ಬೆಳಿಗ್ಗೆ ಬಂದು ನೋಡಿದ್ರೆ ಪಕ್ಕಕ್ಕೆ ತಿರುಗಿರ್ತೈತೆ. ಅಮ್ಮಿ ಗೋಡೆ ಹಿಡ್ಕೊಂಡು ಬಂದು ಹೋಗಿರ್ತಾರೆ."