ನಡೆಯುತ್ತಾ ಮಾತು

ಕಾಫಿ ಬೇಡ ಅಂದಾಗಲೇ ಅಜ್ಜಿಗೆ ಏನೋ ಆಗಿದೆ ಅಂತ ಗೊತ್ತಾಯಿತು. ಸಂಜೆಗೆ ಮೈ ಕೆಂಡ. ಹೆಬ್ಬಾಳದ ನಮ್ಮ ಮನೆಯಿಂದ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು.

ನ್ಯುಮೋನಿಯಾ.

ಜ್ವರ ಇಳಿಯಿತು. ಕಾಲು ಮಾತ್ರ ಅವಳ ಮಾತು ಕೇಳಲಿಲ್ಲ. ಮಲಗಿದ್ದಷ್ಟಕ್ಕೇ ಶಕ್ತಿ ಎಲ್ಲಿ ಹೋಗುತ್ತದೆ? ನಾನು ಓದುತ್ತಿದ್ದದ್ದು ಪಿಯುಸಿ ಆರ್ಟ್ಸ್. ಆದರೂ ಲೈಬ್ರರಿಯಿಂದ ವೈದ್ಯಕೀಯ ಪುಸ್ತಕ ತಂದು ಓದುವ ಚಟ ನನಗೆ. ಅವುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಜ್ಜಿಯ ಚಿಂತೆ ಒಂದೇ: ಹಿತ್ತಲ ಕಕ್ಕಸಿಗೆ ಇನ್ನು ಸೊಸೆಯ, ಅಂದರೆ ನನ್ನಮ್ಮನ, ಕೈ ಹಿಡಿದೇ ಹೋಗಬೇಕಾ?

ಡಿಸ್ಚಾರ್ಜ್‌ಗೆ ಮುಂಚೆ ಡಾಕ್ಟರು ಅವಳನ್ನು ವಾರ್ಡಿನ ಉದ್ದಕ್ಕೂ ನಡೆಸಿದರು. ಜೊತೆಯಲ್ಲೇ ನಡೆಯುತ್ತಾ ಊಟ ಆಯಿತಾ, ಯಾವೂರು ಅಂತ ಕೇಳಿದರು. ಪ್ರತಿ ಪ್ರಶ್ನೆಗೂ ಅಜ್ಜಿ ನಿಂತಳು.

"ನೋಡಮ್ಮ, ನಡೆಯೋದಕ್ಕೇ ಇವರ ಗಮನವೆಲ್ಲ ಬೇಕು. ಒಬ್ರನ್ನೇ ಬಿಡ್ಬೇಡಿ, ಬೀಳ್ತಾರೆ," ಎಂದರು ನನಗೆ.

ಯಾಕಜ್ಜಿ ನಿಂತೆ ಅಂತ ಕೇಳಿದೆ.

"ಡಾಕ್ಟ್ರು ಮಾತಾಡಿಸ್ತಾವ್ರೆ. ನಡ್ಕೊಂಡೇ ಜವಾಬು ಕೊಡಕ್ಕಾಯ್ತದಾ? ಮರ್ವಾದೆ ಬ್ಯಾಡ್ವಾ?"

ಓಡಿಹೋಗಿ ಡಾಕ್ಟರಿಗೆ ಹೇಳಿದೆ, ಇದು ನಿಶ್ಶಕ್ತಿಯಲ್ಲ, ಮರ್ಯಾದೆ ಅಂತ. ಅವರು ನಕ್ಕರು. "ಹಾಗಾದ್ರೆ ಅವರು ಮರ್ಯಾದೆ ಕೊಡದೇ ಇರೋರು ಕೇಳ್ಬೇಕು. ನೀನೇ ಕೇಳು."

ನಡೆಸುತ್ತಾ ಕೇಳಿದೆ, ಉಪ್ಪಿನಕಾಯಿ ಜಾಡಿ ಎಲ್ಲಿಟ್ಟಿದ್ದೀಯ ಅಂತ. ಅಜ್ಜಿ ಮಂಚದ ಕಂಬಿ ಹಿಡಿದುಕೊಂಡಳು.

ನನಗೂ ನಿಂತಳು.

ಮನೆಗೆ ಬಂದ ಮೇಲೆ ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ದಿನಾ ನಡೆಯಿತು. ಕೈ ಊರದೆ ಕುರ್ಚಿಯಿಂದ ಏಳುವುದು, ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು. ಅದರ ಜೊತೆಗೆ, ಅವಳನ್ನು ನಡೆಸುವಾಗ, ನನ್ನ ಪ್ರಶ್ನೆಗಳು. ಪೊಲೀಸ್ನೋರ ತರ ಕೇಳ್ತೀಯ ಅಂತ ಅವಳು ರೇಗುತ್ತಿದ್ದಳು, ಅದೂ ನಿಂತುಕೊಂಡೇ. ಒಂದೊಂದು ದಿನ ಕುರ್ಚಿಯಿಂದ ಏಳುವುದಕ್ಕೂ ಆಗುತ್ತಿರಲಿಲ್ಲ. ಆ ದಿನ ನನ್ನ ಪ್ರಶ್ನೆಗಳಿಗೂ ರಜೆ.

ಒಂದು ಬೆಳಗ್ಗೆ ಕೋಲೂರಿಕೊಂಡು ಹಿತ್ತಲಿಗೆ ಹೊರಟಿದ್ದಳು. ಅವಳು ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು ನಾನು ಹಿಂದೆ. ಅಭ್ಯಾಸಬಲ, ಇವತ್ತು ಏನು ಸಾರು ಅಂತ ಕೇಳಿದೆ.

"ಕಕ್ಕಸಿಗೆ ಓಗೋಳ್ನ ಸಾರು ಕೇಳ್ತೀಯಲ್ಲೇ, ಬುದ್ಧಿ ಐತಾ ನಿಂಗೆ?"

ತಿರುಗಲಿಲ್ಲ. ಕೋಲಿನ ಸದ್ದೂ ನಿಲ್ಲಲಿಲ್ಲ.

ನಾನೇ ನಿಂತೆ.

ಈಗಲೂ ಕತ್ತಲಾದರೆ ಅವಳ ಜೊತೆಗೆ ಒಬ್ಬರು ಹೋಗುತ್ತೇವೆ. ಹಗಲಿನಲ್ಲಿ ಅವಳೊಬ್ಬಳೇ. ಇಷ್ಟು ಸಿಕ್ಕಿದ್ದೇ ದೊಡ್ಡದು. ಮೊನ್ನೆ ಚೆಕಪ್‌ಗೆ ಹೋದಾಗ ಡಾಕ್ಟರು ಮತ್ತೆ ನಡೆಸಿ, ಹೇಗಿದ್ದೀರಿ ಅಂದರು. ಅಜ್ಜಿ ಪೂರ್ತಿ ನಿಂತು, ಸೆರಗು ಸರಿಮಾಡಿಕೊಂಡು, ಚೆನ್ನಾಗಿದೀನಿ ಸ್ವಾಮಿ ಅಂದಳು.

ಡಾಕ್ಟರು ನನ್ನ ಮುಖ ನೋಡಿದರು.

"ಈ ಸಲ ಮರ್ಯಾದೇನೇ ಸಾರ್," ಅಂದೆ.